ಜೆಪ್ಪುವಿನ ಹಂಚು, ಸೋಮವಾರದ ವಿಶ್ವಾಸ

ಬಾಸೆಲ್ ಮಿಶನಿನ ಚರಿತ್ರೆಯನ್ನು ಎಲ್ಲರೂ ಪುಸ್ತಕಗಳಿಂದ ಶುರುಮಾಡುತ್ತಾರೆ: 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1894ರಲ್ಲಿ ಕಿಟ್ಟೆಲರ ನಿಘಂಟು. ನನ್ನ ಅಜ್ಜಿಯ ತಾಯಿ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ನನಗೆ ಆ ಚರಿತ್ರೆ ಮಣ್ಣಿನಿಂದಲೇ ಶುರು.

1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದಾಗ ಅವರ ಬಳಿ ಸುವಾರ್ತೆಯಿತ್ತು, ಕಾರ್ಖಾನೆಯ ಯೋಚನೆ ಇರಲಿಲ್ಲ. ಆದರೆ ದೀಕ್ಷಾಸ್ನಾನ ತೆಗೆದುಕೊಂಡವರ ಪಾಡು ಬೇರೆಯಾಗಿತ್ತು. ಮನೆಯವರು ಹೊರಗಿಟ್ಟರು, ಗೇಣಿಯ ಗದ್ದೆ ಕೈತಪ್ಪಿತು. ಸಭೆಗೆ ಬಂದವರಲ್ಲಿ ಬಿಲ್ಲವರು ಬಹಳ. ಶೇಂದಿ ಇಳಿಸುವ ಕಸುಬನ್ನು ಸಭೆ ಒಪ್ಪುತ್ತಿರಲಿಲ್ಲ. ಭಾನುವಾರ ಪ್ರಾರ್ಥನೆಗೆ ಕೂತವನು ಸೋಮವಾರ ಏನು ಉಣ್ಣಬೇಕು? ಈ ಪ್ರಶ್ನೆಗೆ ಉತ್ತರ ಕೊಡದ ಬೋಧನೆ ಹೊಟ್ಟೆಗಿಲ್ಲದವನ ಮುಂದೆ ನಿಲ್ಲುವುದಿಲ್ಲ. ಮಿಶನರಿಗಳಿಗೂ ಅದು ತಿಳಿಯಿತು.

1841ರಲ್ಲಿ ಅಚ್ಚುಕೂಟ ಬಂತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದು ಮಗ್ಗ ಹೂಡಿದ. ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಪ್ಲೆಬ್ಸ್ಟ್, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ.

ಅಲ್ಲಿಯವರೆಗೆ ಬಡವರ ಮಾಡೆಂದರೆ ಮುಳಿಹುಲ್ಲು, ಮಡಲು. ವರ್ಷವರ್ಷ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಮುಗಿಯಿತು. ಕಾರ್ಖಾನೆಗೆ ನೇತ್ರಾವತಿ ದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಅದನ್ನು ಕಲಸಿ, ಹದಕ್ಕೆ ಬಿಟ್ಟು, ಅಚ್ಚಿಗೆ ಹಾಕಿ ಒತ್ತಿ, ಅಂಚು ಸವರಿ, ನೆರಳಲ್ಲಿ ಒಣಗಿಸಿ ಆಮೇಲೆ ಗೂಡಿಗೆ ಹಾಕುವುದು. ಬಿಸಿಲಿಗೆ ಒಣಗಿಸಿದರೆ ಹಂಚು ಸೊಟ್ಟಗಾಗುತ್ತದೆ, ಅವಸರ ಮಾಡಬಾರದು ಎಂದು ಅಜ್ಜಿ ತಾಯಿಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಒಂದರ ಅಂಚಿಗೆ ಇನ್ನೊಂದು ಕೂರುವ ಆ ಚಪ್ಪಟೆ ಹಂಚು ಕರಾವಳಿಯ ಮಳೆಯನ್ನು ತಡೆಯಿತು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಅಲ್ಬುಕರ್ಕ್ ಮನೆತನದವರೂ ಹಂಚಿನ ಕಾರ್ಖಾನೆ ಹಾಕಿದರು.

ಮಿಶನಿನ ಕಾರ್ಖಾನೆಯಲ್ಲಿ ಕೆಲಸ ಶುರುವಾಗುವ ಮೊದಲು ಪ್ರಾರ್ಥನೆ, ಭಾನುವಾರ ಗೂಡಿಗೆ ಬಿಡುವು. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಮಣ್ಣನ್ನು ತುಳಿದರು. ಮುಟ್ಟು-ಮಡಿಯ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಕೃಪೆ ಎಂಬುದು ಈ ಊರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲೇ, ಪ್ರಸಂಗಪೀಠದಲ್ಲಲ್ಲ.

ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಕೂಲಿ ಕೊಡುವ ಸಂಸ್ಥೆಯೂ ಮಿಶನೇ, ಕರ್ತನ ಭೋಜನದಿಂದ ಹೊರಗಿಡುವ ಅಧಿಕಾರವಿದ್ದ ಸಭೆಯೂ ಅದರದ್ದೇ. ಕುಡಿದು ಸಿಕ್ಕಿಬಿದ್ದವನು ಎರಡು ಕಡೆಯೂ ಹೆದರಬೇಕಿತ್ತು. ಹೆದರಿಕೆಯಿಂದ ಬಂದ ಶಿಸ್ತನ್ನು ವಿಶ್ವಾಸವೆಂದು ಕರೆಯಲು ನನಗೆ ಮನಸ್ಸಿಲ್ಲ.

1914ರ ಯುದ್ಧದಲ್ಲಿ ಮಿಶನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟಿತು. ಮುಂದೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ನಮ್ಮ ಮನೆಯಲ್ಲಿ ಮಾತ್ರ ಒಂದು ರೂಢಿ ತಪ್ಪಲಿಲ್ಲ. ಅಜ್ಜಿಯ ತಾಯಿ ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಸಭೆಯ ವಿಧವೆಯರಿಗೆ ಹೋಗಬೇಕು. ಆದರೆ ಸಭೆಗೆ ಸೇರದ ನೆರೆಮನೆಯ ಬಾಣಂತಿಗೂ ಅದರಲ್ಲೇ ಪಾಲು ಹೋಗುತ್ತಿತ್ತು. ಅದಕ್ಕೆ ಅವರು ಯಾವ ಪಾದ್ರಿಯ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲವಂತೆ.