ಡೊಂಬಿವಲಿ ಎಂಐಡಿಸಿ (ಭೂಗೋಳ ಕಲಿಕೆಯ ನೆಲೆಯಾಗಿ)

ಮಹಾರಾಷ್ಟ್ರದ ಥಾಣೆ ಜಿಲ್ಲೆ, ಕಲ್ಯಾಣ್ ತಾಲ್ಲೂಕಿನ ಕೈಗಾರಿಕಾ ಹಾಗೂ ವಸತಿ ಪ್ರದೇಶ. ರೂಪಿಸಿದ್ದು 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ). ರಾಸಾಯನಿಕ, ಜವಳಿ ಕಾರ್ಖಾನೆಗಳು ಹೆಚ್ಚು. ಊರಿನ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತದೆ.

ಮಕ್ಕಳಿಗೆ ದೇಶದ ಭೂಗೋಳ ಪರಿಚಯಿಸಲು ಇಷ್ಟು ಅನುಕೂಲದ ಜಾಗ ಅಪರೂಪ. ನಲ್ಲಿ ನೀರಿನಿಂದಲೇ ಪಾಠ ಆರಂಭಿಸಬಹುದು. ಎಂಐಡಿಸಿಗೆ ನೀರು ಬರುವುದು ಬದ್ಲಾಪುರದ ಬಳಿಯ ಬಾರ್ವಿ ಅಣೆಕಟ್ಟಿನಿಂದ. ಬಾರ್ವಿ ಉಲ್ಹಾಸ್ ನದಿಯ ಉಪನದಿ. ಉಲ್ಹಾಸ್ ಸಹ್ಯಾದ್ರಿಯಲ್ಲಿ ಹುಟ್ಟಿ, ಕಲ್ಯಾಣ್ ದಾಟಿ, ವಸಯಿ ಅಳಿವೆಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಆಗುಂಬೆಯಲ್ಲಿ ಮುಂಗಾರು ಮೋಡಗಳನ್ನು ತಡೆದು ಮಳೆ ಸುರಿಸುವುದೂ ಇದೇ ಸಹ್ಯಾದ್ರಿ ಸಾಲು. ಉಡುಪಿ, ಮಂಗಳೂರು ಕಡೆಯಿಂದ ಬಂದ ಮನೆಗಳ ಮಕ್ಕಳಿಗೆ ಈ ಒಂದು ಸಂಗತಿ ಅಜ್ಜಿಯ ಊರನ್ನೂ ತಮ್ಮ ಬೀದಿಯನ್ನೂ ಒಂದೇ ನಕ್ಷೆಯೊಳಗೆ ತರುತ್ತದೆ. ರಜೆಗೆ ಅವರು ಹತ್ತುವ ಕೊಂಕಣ ರೈಲು 1998ರಿಂದ ಅದೇ ಬೆಟ್ಟಸಾಲಿನ ಬುಡದಲ್ಲಿ ಓಡುತ್ತಿದೆ.

ನಕ್ಷೆ ಇನ್ನೂ ದೂರಕ್ಕೆ ಚಾಚುತ್ತದೆ. ಪಕ್ಕದ ಕಲ್ಯಾಣ್ ಪ್ರಾಚೀನ ಬಂದರು, ಕ್ರಿ.ಶ. 1ನೇ ಶತಮಾನದ ಗ್ರೀಕ್ ಸಮುದ್ರಯಾನ ಕೈಪಿಡಿ ಪೆರಿಪ್ಲಸ್‌ನಲ್ಲಿ ಅದರ ಹೆಸರಿದೆ. ಇಂದು ಈ ಭಾಗದ ದೊಡ್ಡ ಕಂಟೇನರ್ ಬಂದರು ನವಿ ಮುಂಬಯಿ ಬಳಿಯ ನ್ಹಾವಾ ಶೇವಾ. ಅದು 1989ರಲ್ಲಿ ಆರಂಭವಾಯಿತು.