ಮಿರಜ ಗಾಡಿಯಿಂದ ಕ್ಯಾಜುಯಲ್ಟಿಯ ಬಾಗಿಲಿಗೆ

ದೊಡ್ಡ ಜಡ್ಡು ಬಂತೆಂದರೆ ರಾಯಬಾಗದ ಹಿರಿಯರು ಮಿರಜದ ಗಾಡಿ ಹತ್ತುತ್ತಿದ್ದರು. ರೈಲಿನಲ್ಲಿ ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮಿರಜ ಬಂದೇಬಿಡುತ್ತದೆ. ಬೆಳಗಾವಿಗೆ ಹೋಗಬೇಕಾದರೆ ಹೆಚ್ಚುಕಡಿಮೆ ಅದರ ಇಮ್ಮಡಿ ದಾರಿ.

ಮಿರಜದಲ್ಲಿ ಕೆನಡಾ ಮೂಲದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಮೂರು ವರ್ಷಕ್ಕೆ ಅದರ ಜೊತೆಗೇ ವೈದ್ಯಕೀಯ ಶಾಲೆಯೂ ಶುರುವಾಯಿತು. ಆಸ್ಪತ್ರೆಯಲ್ಲೇ ಇದ್ದು, ರೋಗಿಯ ಮಗ್ಗುಲಲ್ಲಿ ನಿಂತು ಕಲಿಯುವ ಪದ್ಧತಿಯನ್ನು ಕೃಷ್ಣಾ ತೀರದ ಜನ ಅಲ್ಲಿ ಕಂಡರು. 1962ರಲ್ಲಿ ಮಿರಜಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಮರುವರ್ಷವೇ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಕಟ್ಟಿತು. ರಾಯಬಾಗ, ಅಥಣಿ, ಚಿಕ್ಕೋಡಿಯ ರೋಗಿಗಳಿಗೆ ಅಂದಿನಿಂದ ಎರಡು ದಿಕ್ಕುಗಳಾದವು.

ಆದರೆ ಆಸ್ಪತ್ರೆಯ ಮುಂಬಾಗಿಲಿಗೆ ಯಜಮಾನರಿರಲಿಲ್ಲ. ಕಾಲು ಮುರಿದವನು ಎಲುಬಿನ ವಿಭಾಗಕ್ಕೆ, ವಿಷ ಕುಡಿದವನು ಮೆಡಿಸಿನ್‌ಗೆ ಎಂದು ಕ್ಯಾಜುಯಲ್ಟಿಯಿಂದಲೇ ಸಾಗಹಾಕುವುದು ದೇಶದ ಬಹುಪಾಲು ಆಸ್ಪತ್ರೆಗಳ ರೂಢಿಯಾಗಿತ್ತು. ನಡುರಾತ್ರಿ ಅಲ್ಲಿ ಎದುರಾಗುತ್ತಿದ್ದವನು ಎಷ್ಟೋ ಸಲ ಎಲ್ಲರಿಗಿಂತ ಕಿರಿಯ ಹೌಸ್ ಸರ್ಜನ್. ಅಮೆರಿಕದ ಸಿನ್ಸಿನಾಟಿಯಲ್ಲಿ 1970ರಲ್ಲೇ ತುರ್ತು ಚಿಕಿತ್ಸೆಯ ಮೊದಲ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ದುಡಿದು ಕಲಿಯುವ ಸ್ನಾತಕೋತ್ತರ ತರಬೇತಿ, ಶುರುವಾಗಿತ್ತು. ಭಾರತೀಯ ವೈದ್ಯಕೀಯ ಮಂಡಳಿ ಅದನ್ನು ಪ್ರತ್ಯೇಕ ವಿಷಯವೆಂದು ಒಪ್ಪಲು 2009 ಬರಬೇಕಾಯಿತು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಾಟ ಶುರುವಾದದ್ದು 2008ರ ರಾಜ್ಯೋತ್ಸವದ ದಿನ. ಗಾಡಿ ಮೊದಲು ಬಂತು, ಗಾಡಿಯ ರೋಗಿಗೆಂದೇ ತರಬೇತಾದ ವೈದ್ಯರು ತಡವಾಗಿ ಬಂದರು.

ತುರ್ತು ಚಿಕಿತ್ಸೆ ಕಲಿಯುವ ಈ ಕಿರಿಯ ವೈದ್ಯರ ನಡುವೆ ಗೆಳೆತನ ಬೆಳೆಯುವುದು ಒಬ್ಬರ ಕೈಯಲ್ಲಿ ಆಗದ ಕೆಲಸದಿಂದ. ಕಬ್ಬಿನ ಸೀಮೆಯಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಕೇಸನ್ನೇ ನೋಡಬಹುದು. “ಎಣ್ಣಿ ಕುಡದಾನ್ರಿ ಸಾಹೇಬ್ರ” ಎನ್ನುತ್ತಾ ಮನೆಯವರು ಹುಡುಗನನ್ನು ಎತ್ತಿಕೊಂಡು ಬರುತ್ತಾರೆ. ಎಣ್ಣಿ ಅಂದರೆ ಇಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಒಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಬಟ್ಟೆ ಬಿಚ್ಚಿಸಿ ಸಾಬೂನು ನೀರಿನಲ್ಲಿ ಮೈ ತೊಳೆಸುತ್ತಾನೆ, ಇನ್ನೊಬ್ಬಳು ನರ ಹುಡುಕಿ ಅಟ್ರೋಪಿನ್ ಕೊಡುತ್ತಾಳೆ, ಮೂರನೆಯವನು ಗಂಟಲಿಗೆ ನಳಿಗೆ ಇಳಿಸಲು ಅಣಿಯಾಗುತ್ತಾನೆ. ಐದೈದು ನಿಮಿಷಕ್ಕೆ ಅಟ್ರೋಪಿನ್ ಪ್ರಮಾಣ ಇಮ್ಮಡಿಯಾಗುತ್ತಾ ಹೋಗಬೇಕು. ಕಣ್ಣು ನೋಡಿದರೆ ಸಾಲದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಗೊರಗೊರ ಸದ್ದು ನಿಂತಿತೇ ಎಂದು ಕೇಳಬೇಕು. ಕೇರಳದಿಂದಲೋ ದಿಲ್ಲಿಯಿಂದಲೋ ಬಂದ ಜೂನಿಯರ್‌ಗೆ ಮನೆಯವರ ಮಾತು ತಿಳಿಯದಿದ್ದರೆ, ಈ ಕಡೆಯ ಸೀನಿಯರ್ ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ಮರಾಠಿಯಲ್ಲಿ ಕೇಳಿ ಡಬ್ಬಿಯ ಹೆಸರು ತಿಳಿದುಕೊಳ್ಳುತ್ತಾನೆ. ಪುಸ್ತಕದಲ್ಲಿ ಓದಿದ್ದು ಕೈಗೆ ಹತ್ತುವುದು ಹೀಗೆ, ಜೊತೆಯವರ ಮಗ್ಗುಲಲ್ಲಿ.

ಬೆಳಿಗ್ಗೆ ಹ್ಯಾಂಡೋವರ್. ಹಾಸಿಗೆಯಿಂದ ಹಾಸಿಗೆಗೆ ನಡೆದು ರೋಗಿಯನ್ನು ಮುಂದಿನ ಪಾಳಿಗೆ ಒಪ್ಪಿಸಬೇಕು. ರಾತ್ರಿ ಒಂದು ಜೀವ ಉಳಿಯದಿದ್ದರೆ ಚಹಾ ಕುಡಿಯುವಾಗ ಅದೇ ಮಾತು. ಏನು ತಪ್ಪಿತು, ಏನು ಕೈಮೀರಿತ್ತು ಎಂದು ಸೀನಿಯರ್ ಬಿಡಿಸಿ ಹೇಳಿದರೆ ಮೊದಲ ವರ್ಷದ ಹುಡುಗಿ ಮಾರನೆಯ ರಾತ್ರಿ ಧೈರ್ಯವಾಗಿ ಬರುತ್ತಾಳೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಬೈಕು ಗುದ್ದಿದ ಕೇಸುಗಳು ಸಾಲಾಗಿ ಬಂದಾಗ ಆ ಧೈರ್ಯ ಬೇಕೇ ಬೇಕು.

ಇಷ್ಟು ಗೆಳೆತನವಿದೆಯೆಂದು ಅವರನ್ನು ನಿದ್ದೆಗೆಡಿಸಿ ದುಡಿಸುವುದು ಮಾತ್ರ ಅನ್ಯಾಯ. ಕೇಂದ್ರದ 1992ರ ರೆಸಿಡೆನ್ಸಿ ನಿಯಮ ಹೇಳುವುದು ಒಮ್ಮೆಗೆ 12 ತಾಸು, ವಾರಕ್ಕೆ 48 ತಾಸು. ಅದು ಪಾಲನೆಯಾಗುವ ಆಸ್ಪತ್ರೆ ಅಪರೂಪ. ಕೋಲ್ಕತ್ತದಲ್ಲಿ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯೆಯ ಕೊಲೆಯಾದ ಮೇಲೆ, 2024ರ ಆಗಸ್ಟ್‌ನಲ್ಲಿ, ದೇಶದುದ್ದಕ್ಕೂ ರೆಸಿಡೆಂಟರು ಬೀದಿಗಿಳಿದರು. ವೈದ್ಯರ ಸುರಕ್ಷತೆ, ಕೆಲಸದ ಸ್ಥಿತಿಗತಿ ನೋಡಲು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ಈ ಕಿರಿಯರು ಕಬ್ಬಿನ ಸೀಮೆಗೇ ಬರಲು ಒಂದು ದಾರಿಯೂ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲಿ ಬಂದಿದೆ. ತುರ್ತು ಚಿಕಿತ್ಸೆಯ ಪಿಜಿಗಳಿಗಾದರೂ ಆ ಅವಧಿಯ ಒಂದು ಪಾಲನ್ನು ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಅಥಣಿಯಂಥ ತಾಲೂಕು ಆಸ್ಪತ್ರೆಗಳಲ್ಲಿ ಕಳೆಯುವ ಏರ್ಪಾಡಾಗಬೇಕು. ಒಬ್ಬರನ್ನೇ ಕಳಿಸಬೇಡಿ, ಸೀನಿಯರ್ ಸಮೇತ ತಂಡವಾಗಿ ಕಳಿಸಿ.