ರೋಗಿಯ ದಾಖಲೆ ಮತ್ತು ವೈದ್ಯನ ಹೊಣೆ: ಚಿತ್ರದುರ್ಗ ಸೀಮೆಯಿಂದ ಒಂದು ಅವಲೋಕನ

ವೈದ್ಯನು ರೋಗಿಯ ವಿಷಯವನ್ನು ಬರೆದಿಡುವುದು ಯಾರ ಸಲುವಾಗಿ? ಚಿತ್ರದುರ್ಗ ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ದೊರೆಯುವ ಮೊದಲ ಉತ್ತರ, ಸರ್ಕಾರದ ಸಲುವಾಗಿ ಎಂಬುದೇ. ಮೈಸೂರು ಸಂಸ್ಥಾನದ ಕಾಲದಲ್ಲಿ ಹಳ್ಳಿಯ ಜನನ ಮರಣಗಳನ್ನು ವರದಿಮಾಡುತ್ತಿದ್ದವನು ಪಟೇಲನೇ ಹೊರತು ವೈದ್ಯನಲ್ಲ. 1920ರ ದಶಕದ ಕೊನೆಯಲ್ಲಿ ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾದ ಅಧ್ಯಯನವನ್ನು ಕೈಗೊಂಡಾಗ, ಮಾರಿಕಣಿವೆಯ ನೀರಾವರಿಗೆ ಒಳಪಟ್ಟ ಹಿರಿಯೂರು ಅದರ ಕ್ಷೇತ್ರಗಳಲ್ಲಿ ಒಂದಾಗಿತ್ತು. ಗುಲ್ಮ ಬೆಳೆದ ಮಕ್ಕಳನ್ನು ಎಣಿಸುವುದು ಅಂಥ ಅಧ್ಯಯನಗಳ ಕ್ರಮ. ಎಣಿಕೆಯಲ್ಲಿ ಊರು ಕಾಣುತ್ತದೆ; ರೋಗಿಯು ಕಾಣುವುದಿಲ್ಲ.

1969ರ ಜನನ ಮರಣ ನೋಂದಣಿ ಅಧಿನಿಯಮವು, ರಾಜ್ಯ ಸರ್ಕಾರವು ಗೊತ್ತುಪಡಿಸಿದ ಕಡೆಗಳಲ್ಲಿ, ಮರಣದ ಕಾರಣವನ್ನು ಶುಲ್ಕವಿಲ್ಲದೆ ಬರೆದುಕೊಡುವ ಹೊಣೆಯನ್ನು ಚಿಕಿತ್ಸೆ ನೀಡಿದ ವೈದ್ಯನ ಮೇಲೆ ಹೊರಿಸಿತು. ಇಲ್ಲಿಯೂ ಬರೆಹವು ಸಲ್ಲುತ್ತಿದ್ದುದು ಸರ್ಕಾರಕ್ಕೆ.

ದಿಕ್ಕು ಬದಲಾದುದು ಶತಮಾನದ ಕೊನೆಯಲ್ಲಿ. ಶುಲ್ಕ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಸಂರಕ್ಷಣಾ ಅಧಿನಿಯಮಕ್ಕೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಅಂದಿನಿಂದ ಆಸ್ಪತ್ರೆಯ ಕಾಗದವು ರೋಗಿಗೂ ವೈದ್ಯನಿಗೂ ಸಾಕ್ಷ್ಯವಾಯಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕೆಂದೂ, ರೋಗಿಯು ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕೆಂದೂ ವಿಧಿಸಿದವು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು ಚಿಕಿತ್ಸಾ ದಾಖಲೆಯನ್ನು ಇಡುವ ಹೊಣೆಯನ್ನು ಸಂಸ್ಥೆಗಳಿಗೂ ವಹಿಸಿತು.

ಆದರೂ ನಿಯಮದಲ್ಲಿ ಎರಡು ಕೊರತೆಗಳುಂಟು. ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಜಿಲ್ಲಾಕೇಂದ್ರಕ್ಕೆ ಬಂದು ಚೀಟಿ ಬರೆಸಿಕೊಂಡು ಅಂದೇ ಹಿಂದಿರುಗುವ ಹೊರರೋಗಿಯು ಈ 3 ವರ್ಷಗಳ ರಕ್ಷಣೆಗೆ ಒಳಪಡುವುದಿಲ್ಲ. ಆ ಚೀಟಿ ಕಳೆದರೆ ಅವನ ರೋಗದ ಚರಿತ್ರೆಯೇ ಕಳೆದಂತೆ. ಎರಡನೆಯದಾಗಿ, ಅವಧಿಯನ್ನು ಚಿಕಿತ್ಸೆಯ ಆರಂಭದಿಂದ ಎಣಿಸುವುದರಿಂದ ದೀರ್ಘರೋಗಿಯ ಮೊದಲ ಕಾಗದಗಳು ಚಿಕಿತ್ಸೆ ಮುಗಿಯುವ ಮುನ್ನವೇ ರಕ್ಷಣೆಯನ್ನು ಕಳೆದುಕೊಳ್ಳಬಹುದು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ ನಿಯಮಗಳು ಹೊರರೋಗಿಯನ್ನೂ ಸೇರಿಸಿ, ಅವಧಿಯನ್ನು ಕೊನೆಯ ಭೇಟಿಯಿಂದ ಎಣಿಸಿದ್ದವು. ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದು 2002ರ ನಿಯಮಗಳಿಗೇ ಮರಳಲಾಯಿತು.

ಬೆಂಗಳೂರು-ಪುಣೆ ಹೆದ್ದಾರಿಯು ಹಿರಿಯೂರು, ಚಿತ್ರದುರ್ಗಗಳ ಮಾರ್ಗವಾಗಿ ಹೋಗುತ್ತದೆ. ಅಲ್ಲಿ ಗಾಯಗೊಂಡವನು ಪರಿಹಾರ ಕೋರುವಾಗ ಗಾಯದ ಪ್ರಮಾಣಪತ್ರವೂ ಚಿಕಿತ್ಸೆಯ ಕಾಗದಗಳೂ ಅವನಿಗೆ ಮುಖ್ಯ ಆಧಾರ. ಊರನ್ನು ಎಣಿಸುವುದಕ್ಕಾಗಿ ಮೊದಲಾದ ಬರೆಹವು ವ್ಯಕ್ತಿಯ ಹಕ್ಕಾಗಿ ಮಾರ್ಪಟ್ಟಿದೆ. ಆ ಹಕ್ಕು ಹೊರರೋಗಿಯವರೆಗೆ ಇನ್ನೂ ಪೂರ್ಣವಾಗಿ ಮುಟ್ಟಿಲ್ಲ.